ಮೂಲೆಯ ಕುಳಿ

"ವಿಶಾಲಾ, ನಿನ್ನ ಆಟದಲ್ಲಿ ಒಂದು ಕುಳಿ ಕೆಟ್ಟಿದೆ ಮಾರಾಯ!"

ರತ್ನಾವತಿ ಅಡುಗೆಮನೆಯಿಂದಲೇ ಕೂಗಿದರು. ಬಲಗೈಯಲ್ಲಿ ನೀರುದೋಸೆಯ ಸೌಟು, ಎಡಗೈಯಲ್ಲಿ ಮಗ ಕೊಡಿಸಿದ ಹೊಸ ಫೋನು, ಅದರಲ್ಲಿ ಅವನೇ ಮಾಡಿದ ಚೆನ್ನೆಮಣೆ ಆಟ. ಕಾವಲಿಯ ಮೇಲಿನ ದೋಸೆ ಆಗಲೇ ಕಂದು ಬಣ್ಣಕ್ಕೆ ತಿರುಗಿತ್ತು, ಆದರೆ ಅವರ ಕಣ್ಣು ಫೋನಿನಲ್ಲೇ. ಭಾನುವಾರವಾದ್ದರಿಂದ ಲೋಕಲ್ ಟ್ರೈನು ಹಿಡಿಯುವ ಅವಸರವಿಲ್ಲದೆ ಸೋಫಾದಲ್ಲಿ ಬಿದ್ದುಕೊಂಡಿದ್ದ ವಿಶಾಲ್ ಎದ್ದು ಬಂದ.

"ಕೆಟ್ಟಿಲ್ಲಮ್ಮ. ಎಂತ ಆಯ್ತು?"

"ನೋಡು, ಈ ಮೂಲೆಯ ಕುಳಿ. ಇದರಲ್ಲಿ ಒಂದೇ ಒಂದು ಬೀಜ ಉಂಟು, ಕಂಪ್ಯೂಟರಿನದ್ದು. ನಾನು ನ್ಯಾಯವಾಗಿ ಗೆದ್ದೆ, ಆದ್ರೂ ಅದನ್ನು ತೆಗೀಲಿಕ್ಕೆ ಬಿಡುವುದಿಲ್ಲ. ಅದೇ ಒಂದು ಬೀಜ ಹಿಡ್ಕೊಂಡು ಎದ್ದು ಬಂದು ನನ್ನ ಮನೆ ಪೂರಾ ಖಾಲಿ ಮಾಡಿತು. ಮೋಸ!"

"ಅರೇ, ಅದೇ ಅಲ್ವಾ ಮಜಾ! ಅದು ಸೇಫ್ ಝೋನ್. ಅದರಲ್ಲಿರುವ ಬೀಜ ಯಾರೂ ತೆಗೆಯುವ ಹಾಗಿಲ್ಲ. ನಿಮ್ಮೂರಿನದ್ದೇ ಹಳೇ ರೂಲು."

ರತ್ನಾವತಿ ಸೌಟು ಕೆಳಗಿಟ್ಟರು. "ಯಾವ ಊರಿನ?"

"ಕಾರ್ಕಳ, ಉಡುಪಿ... ಆ ಕಡೆ."

"ಆ ಕಡೆಯಿಂದಲೇ ಬಂದವಳು ನಾನು. ಚೆನ್ನೆಮಣೆ ಆಡಿ ಆಡಿ ಬೆರಳು ಸವೆದಿದೆ. ಇಂಥ ಕುಳಿ ನಾನು ಕಂಡದ್ದೇ ಇಲ್ಲ."

ವಿಶಾಲ್ ನಕ್ಕುಬಿಟ್ಟ. ಅಮ್ಮ ಸೋತರೆ ಇಡೀ ಲೋಕವೇ ಮೋಸ ಎಂಬುದು ಅವನಿಗೆ ಗೊತ್ತಿದ್ದ ವಿಷಯ. ಆದರೆ ಅವರು ಅಷ್ಟಕ್ಕೇ ಬಿಡುವವರಲ್ಲ. ಸೀದ ದೋಸೆಯನ್ನು ತೆಗೆದು ಪಕ್ಕಕ್ಕಿಟ್ಟು ಕಾರ್ಕಳದ ಅಕ್ಕನಿಗೆ ಫೋನು ಹಚ್ಚಿದರು. ಅಕ್ಕ ತನ್ನ ಅತ್ತೆಯನ್ನು ಕೇಳಿದರು, ಅತ್ತೆ ಪಕ್ಕದ ಮನೆಯವರನ್ನು ಕೇಳಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಕರಾವಳಿಯ ಅರ್ಧದಷ್ಟು ಹಿರಿಯ ಹೆಂಗಸರು ಒಂದೇ ಮಾತು ಹೇಳಿಯಾಗಿತ್ತು. ಎರಡು ಸಾಲು, ಸಾಲಿಗೆ ಏಳು ಕುಳಿ, ಕುಳಿಗೆ ನಾಲ್ಕು ಬೀಜ. ಒಂದೊಂದೇ ಬೀಜ ಬಿಡುತ್ತ ಹೋಗುವುದು, ಎದುರಾಳಿಯ ಬೀಜ ಗೆದ್ದು ತರುವುದು, ಕೊನೆಗೆ ಅವಳ ಸಾಲು ಬರಿದಾದರೆ ನಿಮ್ಮ ಗೆಲುವು. ಮುಟ್ಟಬಾರದ ಕುಳಿ ಎಂಬುದು ಯಾವ ಮನೆಯಲ್ಲೂ ಇಲ್ಲ.

"ಮತ್ತೆ ಚೆನ್ನೆ ಆಡುವುದು ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ, ಅದು ಬರುವ ಮೊದಲು ಮಣೆ ಯಾಕೆ ಇಳಿಸಿದ್ದು ಅಂತ ಅಕ್ಕ ನನಗೇ ಬೈದಳು," ಎಂದರು ರತ್ನಾವತಿ. "ಫೋನಿಗೆ ಆಟಿ ಗೀಟಿ ಇಲ್ಲ ಅಂತ ಹೇಳಿದೆ."

ವಿಶಾಲ್ ಈ ಸಲ ನಗಲಿಲ್ಲ.

ಯಾಕೆಂದರೆ ಆ ಕುಳಿಯನ್ನು ಅವನು ಎಲ್ಲಿ ಕಂಡಿದ್ದ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹುಟ್ಟಿ ಬೆಳೆದದ್ದೆಲ್ಲ ಮುಂಬೈ ಪಕ್ಕದ ಡೊಂಬಿವಲಿಯಲ್ಲಿ. ಚೆನ್ನೆಮಣೆ ಎಂದರೆ ಮಾವನ ಮನೆಯ ಶೋಕೇಸಿನಲ್ಲಿ ಧೂಳು ಹಿಡಿದು ಕುಳಿತ ಮರದ ತುಂಡು, ಅಷ್ಟೇ. ಹೋದ ವರ್ಷ ಅಲ್ಲಿಯ ತುಳುವರ ಸಂಘದವರು ಆಟಿ ದಿನವನ್ನು ಆಚರಿಸಿದಾಗ ಸಭಾಂಗಣದ ಒಂದು ಮೂಲೆಯಲ್ಲಿ ಕಲ್ಯಾಣದ ಹುಡುಗಿ ದಿಶಾ ಮೇಜು ಹಾಕಿಕೊಂಡು ಕುಳಿತಿದ್ದಳು. ಆನಿಮೇಶನ್ ಓದುವ ಹುಡುಗಿ. ತಾನೇ ಮಾಡಿದ ಫೋನಿನ ಆಟವನ್ನು ಬಂದವರಿಗೆಲ್ಲ ತೋರಿಸುತ್ತಿದ್ದಳು. ಆಟದ ಹೆಸರು 'ಬಾ, ಚೆನ್ನೆ ಆಡುವ'. ಜನ ಪತ್ರೊಡೆ ತಿಂಡಿ ಹಂಚುವ ಕಡೆ ಓಡುತ್ತಿದ್ದರು, ಆಟದ ಕಡೆ ಬಂದವರು ಕಡಿಮೆ. ವಿಶಾಲ್ ಮಾತ್ರ ನಿಂತ. ಐರೋಲಿಯ ಕಂಪನಿಯೊಂದರಲ್ಲಿ ಫೋನಿನ ಆಟಗಳನ್ನು ಮಾಡುವುದೇ ಅವನ ಕೆಲಸ. ನಿಂತವನು ಕುಳಿತ, ಕುಳಿತವನು ಏಳಲೇ ಇಲ್ಲ. ಮೂಲೆಯ ಆ ಒಂದು ಕುಳಿ ಆಟದ ಜೀವವನ್ನೇ ಬದಲಿಸಿತ್ತು. ಸೋತೆ ಎಂದುಕೊಂಡಾಗ ಒಂದು ಬೀಜ ಉಳಿದಿರುತ್ತಿತ್ತು. ಗೆದ್ದೆ ಎಂದುಕೊಂಡಾಗಲೂ ಎದುರಾಳಿಗೆ ಒಂದು ಉಳಿದಿರುತ್ತಿತ್ತು.

"ಇದಕ್ಕೆ ಪುಳ್ಳಿ ಕುಳಿ ಅಂತ ಹೆಸರು ವಿಶಾಲಣ್ಣ," ಎಂದು ದಿಶಾ ಕಣ್ಣರಳಿಸಿ ಹೇಳಿದ್ದಳು. ಪುಳ್ಳಿ ಎಂದರೆ ಮೊಮ್ಮಗು. ಅವನು ಕೇಳಿದ್ದಕ್ಕೆಲ್ಲ ಸಂಭ್ರಮದಿಂದ ಉತ್ತರ ಕೊಟ್ಟಿದ್ದಳು. ತುಳುವಿನ ಹೆಸರಿದೆ, ಮರದ ಮಣೆಯಿದೆ, ಕೆಂಪು ಬೀಜವಿದೆ. ಹಾಗಾದರೆ ಇದೆಲ್ಲ ಅಜ್ಜನ ಕಾಲದ್ದು, ಎಲ್ಲರಿಗೂ ಸೇರಿದ್ದು ಎಂದು ವಿಶಾಲ್ ತಾನೇ ತೀರ್ಮಾನಿಸಿಕೊಂಡ. ಮಳೆಗಾಲ ಮುಗಿಯುವುದರೊಳಗೆ ಅವನ 'ಚೆನ್ನೆ ಮಾಸ್ಟರ್' ಸಿದ್ಧವಾಯಿತು. ಫಳಫಳ ಹೊಳೆಯುವ ಬಣ್ಣ, ಡೋಲಿನ ಸದ್ದು, ದಿನಕ್ಕೊಂದು ಬಹುಮಾನ. ಪುಳ್ಳಿ ಕುಳಿ ಎಂದರೆ ಠಾಣೆ, ಮುಂಬೈಯ ಹುಡುಗರಿಗೆ ಅರ್ಥವಾಗುವುದಿಲ್ಲವೆಂದು 'ಸೇಫ್ ಝೋನ್' ಎಂದು ಬದಲಿಸಿದ. ಆಟ ಓಡಿತು. ಓಡಿತು ಎಂದರೆ ಹೇಗೆ, ಸಾವಿರಾರು ಜನ ಇಳಿಸಿಕೊಂಡರು. ಈಗ ವಾಶಿಯ ಒಂದು ಕಂಪನಿ ಅದನ್ನು ತಾನೇ ದೊಡ್ಡದಾಗಿ ಹೊರತರುತ್ತೇನೆ, ಮುಂದಿನ ಆಟಗಳನ್ನೂ ನೀನೇ ಮಾಡು ಎಂದು ಕರೆದಿತ್ತು. ಬೇರೆಯವರ ಆಟಕ್ಕೆ ಬಟನ್ನು ಜೋಡಿಸುತ್ತ ಕುಳಿತಿದ್ದ ಹುಡುಗನಿಗೆ ತನ್ನದೇ ಆಟ! ಆ ಕನಸಿಗೆ ಶುಕ್ರವಾರ ಸಹಿ ಬೀಳುವುದಿತ್ತು.

ಅಪ್ಪ ಚೆನ್ನಯ ಅಂಬರನಾಥ ಸ್ಟೇಷನ್ನಿನ ಹತ್ತಿರ ಸಣ್ಣ ಹೋಟೆಲು ನಡೆಸುತ್ತಿದ್ದರು. ಮಧ್ಯಾಹ್ನದ ಗಿರಾಕಿ ಕಡಿಮೆಯಾದ ಮೇಲೆ ಮನೆಗೆ ಬಂದು ಒಂದು ನಿದ್ದೆ ತೆಗೆಯುವುದು ಅವರ ಪದ್ಧತಿ. ಅಂದು ನಿದ್ದೆಗೆ ಮೊದಲು ಇಡೀ ಪ್ರಕರಣ ಅವರ ತಟ್ಟೆಯ ಎದುರು ಬಂತು.

"ಇದೊಂದು ವಿಷಯವಾ?" ಎಂದರು ಸಾರು ಕಲಸುತ್ತ. "ಇಡ್ಲಿ ಯಾರ ಅಪ್ಪನ ಸೊತ್ತು? ಮುಂಬೈಯಲ್ಲಿ ಇಷ್ಟು ಹೋಟೆಲುಂಟಲ್ಲ, ಎಲ್ಲರೂ ಒಬ್ಬರದ್ದು ಒಬ್ಬರು ನೋಡಿಯೇ ಕಲಿತದ್ದು. ನಾನು ಕಲಿಯಲಿಲ್ವಾ?"

"ಇಡ್ಲಿಗೆ ಯಾರೂ ಏನೂ ಹೇಳಲಿಲ್ಲ," ಎಂದರು ರತ್ನಾವತಿ. "ಎದುರಿನವನು ನಿಮ್ಮ ಹೋಟೆಲಿನ ಹೆಸರೇ ಬೋರ್ಡಿಗೆ ಬರೆಸಿದಾಗ ಯಾರೋ ಒಬ್ಬರು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದರಪ್ಪ. ಯಾರು ಅಂತ ಮರೆತೇ ಹೋಯ್ತು."

"ಅದು ಬೇರೆ!"

"ಎಂತ ಬೇರೆ?"

ಚೆನ್ನಯ ಒಂದು ತುತ್ತು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದರು. "ಹಪ್ಪಳ ಉಂಟಾ?" ಎಂದು ಕೇಳಿದರು.

ಸಂಜೆ ದಿಶಾಳ ಸಂದೇಶ ಬಂತು. ಬೈಗುಳವೇನಾದರೂ ಇದ್ದಿದ್ದರೆ ವಿಶಾಲನಿಗೆ ಉತ್ತರ ಹೊಳೆಯುತ್ತಿತ್ತು. ಇದ್ದದ್ದು ಬೈಗುಳವಲ್ಲ.

'ವಿಶಾಲಣ್ಣ, ಈ ವರ್ಷವೂ ಆಟಿ ದಿನಕ್ಕೆ ನನ್ನ ಗೇಮಿಗೆ ಒಂದು ಮೇಜು ಕೇಳಿದ್ದೆ. ವಿಶಾಲನದ್ದು ಇರುವಾಗ ಅದರ ಕಾಪಿ ಇನ್ನೊಂದು ಯಾಕೆ ಅಂತ ಜಯಶೀಲ ಅಂಕಲ್ ಹೇಳಿದ್ರು. ಅವರಿಗೆ ಗೊತ್ತಿಲ್ಲ, ಅವರದ್ದು ತಪ್ಪಲ್ಲ. ನೀವು ಒಂದು ಮಾತು ಹೇಳಿದ್ರೆ ಸಾಕು. ಈ ಸಲ ನನ್ನ ಅಜ್ಜಿ ಬರುವವರಿದ್ದಾರೆ.'

ಜಯಶೀಲರು ಸಂಘದ ಕಾರ್ಯದರ್ಶಿ. ಅದೇ ದಿನ ವಿಶಾಲನಿಗೆ ಶಾಲು ಹೊದಿಸುತ್ತೇವೆ ಎಂದು ಹೇಳಿದ್ದವರೂ ಅವರೇ. ವಿಶಾಲ್ ದಿಶಾಳ ಆಟದ ಪುಟ ತೆರೆದು ನೋಡಿದ. ಕೆಳಗೆ ಆಡಿದವರ ಮಾತುಗಳಿದ್ದವು. 'ಚೆನ್ನೆ ಮಾಸ್ಟರಿನ ಡಿಟ್ಟೋ ನಕಲು.' 'ನಾಚಿಕೆ ಆಗಲ್ವಾ?' ಹೀಗೆ ಒಂದರ ಕೆಳಗೊಂದು. ಅವನ ಆಟ ಹುಟ್ಟುವ ಮೊದಲೇ ಇದ್ದ ಆಟದ ಮೇಲೆ ಅವನದೇ ಅಭಿಮಾನಿಗಳು ಉಗುಳಿದ್ದರು.

ಮರುದಿನ ಬೆಳಿಗ್ಗೆ ಠಾಣೆಗೆ ಹೋಗುವ ಲೋಕಲ್ ಗಾಡಿಯಲ್ಲಿ ಮನೀಷನನ್ನು ಹಿಡಿದ. ಶಾಲೆಯಿಂದಲೂ ಜೊತೆಗಾರ, ಈಗ ಠಾಣೆಯಲ್ಲಿ ಲಾ ಓದುತ್ತಿದ್ದಾನೆ. ಕಾಲೂರಲು ಜಾಗವಿಲ್ಲದ ಡಬ್ಬಿಯಲ್ಲಿ, ಯಾರದೋ ಬ್ಯಾಗು ಎದೆಗೆ ಒತ್ತಿಕೊಂಡಿರುವಾಗಲೇ ಕೋರ್ಟು ನಡೆಯಿತು.

"ಬಘ್ ವಿಶಾಲ್, ನೋಡು, ಸಿಂಪಲ್ ಉಂಟು. ಅವಳ ಚಿತ್ರ ತಗೊಂಡಿದ್ದೀಯಾ?"

"ಇಲ್ಲ. ನಾನೇ ಬರೆದದ್ದು."

"ಕೋಡ್?"

"ನನ್ನದೇ."

"ಮ್ಯೂಸಿಕ್, ಹೆಸರು?"

"ಎಲ್ಲ ಬೇರೆ."

"ಮಗ್ ಟೆನ್ಶನ್ ಕಾಯ್ಕೊ, ಮತ್ತೆ ಯಾಕೆ ಚಿಂತೆ? ಆಟವನ್ನು ಹೇಗೆ ಆಡುವುದು ಅನ್ನುವ ಐಡಿಯಾ ಇದೆಯಲ್ಲ, ಅದಕ್ಕೆ ಕಾಪಿರೈಟ್ ಇಲ್ಲ ಯಾರ್. ಇರಲೂಬಾರದು. ಮೊದಲು ಜಿಗಿಯುವ ಗೇಮು ಮಾಡಿದವನು ಜಿಗಿಯುವುದೇ ನನ್ನ ಆಸ್ತಿ ಅಂದಿದ್ರೆ ಉಳಿದವರೆಲ್ಲ ನಿಂತಲ್ಲೇ ನಿಂತಿರ್ತಿದ್ರು. ನಿನ್ನ ಕೆಲಸವೇ ಇರ್ತಿರಲಿಲ್ಲ."

ಆ ಮಾತು ಸರಿಯಾಗಿಯೇ ಇತ್ತು. ವಿಶಾಲನಿಗೂ ಹಾಗೇ ಅನಿಸಿತ್ತು, ಅನಿಸುತ್ತಲೂ ಇತ್ತು. ಆದರೂ ಮುಖ ಅರಳಲಿಲ್ಲ. ಮನೀಷ್ ಅದನ್ನು ಗಮನಿಸಿದ.

"ನೀನು ಕೋರ್ಟಿಗೆ ಹೆದರ್ತಿಲ್ಲ, ಅಲ್ವಾ?"

"ಇಲ್ಲ."

"ಹಾಗಾದ್ರೆ ಸಾರಿ ಬಾಸ್. ಉಳಿದದ್ದಕ್ಕೆ ನನ್ನ ಸಿಲೆಬಸ್ಸಿನಲ್ಲಿ ಚಾಪ್ಟರ್ ಇಲ್ಲ." ಠಾಣೆ ಬಂತು. ಜನರ ಜೊತೆ ಮನೀಷನೂ ಹೊರಗೆ ಚೆಲ್ಲಿಹೋದ.

ಒಂದೇ ದಾರಿ ಉಳಿದಿತ್ತು. ದಿಶಾಳಿಗೆ ಚೆನ್ನೆ ಕಲಿಸಿರಬಹುದಾದ ಅವಳ ಅಜ್ಜಿಯನ್ನೇ ಕೇಳುವುದು. ಆ ಕುಳಿ ಅವರ ಊರಿನದ್ದು, ಅವರ ಅಜ್ಜಿಯ ಕಾಲದ್ದು ಎಂದು ಆಕೆ ಒಂದು ಮಾತು ಹೇಳಿಬಿಟ್ಟರೆ ಮುಗಿಯಿತು. ಆಟ ಎಲ್ಲರದ್ದೂ ಆಗುತ್ತದೆ, ಅವಳದ್ದೂ ನಕಲಲ್ಲ, ಇವನದ್ದೂ ನಕಲಲ್ಲ, ಶುಕ್ರವಾರ ನಿಶ್ಚಿಂತೆಯಾಗಿ ಸಹಿ ಹಾಕಬಹುದು. ಒಳ್ಳೆಯ ಸುದ್ದಿ ತರಲು ಹೊರಟವನಂತೆ ವಿಶಾಲ್ ರಜೆ ಹಾಕಿ ಕಲ್ಯಾಣಕ್ಕೆ ಹೋದ.

ಬಾಗಿಲು ತೆರೆದ ದಿಶಾ ಬೆಚ್ಚಿದಳು. ಆದರೂ "ಬನ್ನಿ ವಿಶಾಲಣ್ಣ" ಎಂದಳು. ಒಳಗೆ ಗುಲಾಬಿ ಅಜ್ಜಿ ಕಿಟಕಿಯ ಪಕ್ಕ ಬಸಳೆ ಸೊಪ್ಪು ಬಿಡಿಸುತ್ತಿದ್ದರು. ಪುಟ್ಟ ಶರೀರ, ದೊಡ್ಡ ಧ್ವನಿ.

"ಯಾರದು? ಚೆನ್ನೆಯ ವಿಷಯ ಕೇಳ್ಲಿಕ್ಕೆ ಬಂದದ್ದಾ? ಬಾ ಮಗ, ಕೂತ್ಕೊ. ಈಗಿನ ಮಕ್ಕಳು ಅದನ್ನೆಲ್ಲ ಯಾರು ಕೇಳ್ತಾರೆ!"

ವಿಶಾಲ್ ಸುತ್ತಿ ಬಳಸದೆ ಕೇಳಿದ. "ಅಜ್ಜಿ, ಆ ಪುಳ್ಳಿ ಕುಳಿ ಯಾವ ಊರಿನ ಪದ್ಧತಿ?"

"ಊರಿನದ್ದಾ?" ಗುಲಾಬಿ ಅಜ್ಜಿ ಸೊಪ್ಪಿನ ದಂಟು ಮುರಿಯುತ್ತ ನಕ್ಕರು. "ಊರೂ ಇಲ್ಲ ಕೇರಿಯೂ ಇಲ್ಲ. ಇದೇ ಕೋಣೆಯದ್ದು. ನಾನು ಮಾಡಿದ್ದು."

ಅಜ್ಜಿ ದಿಶಾಳ ಕಡೆ ಕೈ ತೋರಿಸಿದರು.

"ಇವಳು ಸಣ್ಣವಳಿರುವಾಗ ಕಲ್ಯಾಣದಲ್ಲಿ ಲೋಡ್ ಶೆಡ್ಡಿಂಗ್ ಇತ್ತಲ್ಲ, ನೆನಪುಂಟಾ? ಮಧ್ಯಾಹ್ನ ಕರೆಂಟು ಹೋದ್ರೆ ಫ್ಯಾನಿಲ್ಲ, ಟೀವಿ ಇಲ್ಲ. ಇವಳ ಅಪ್ಪ ಅಮ್ಮ ಕೆಲಸಕ್ಕೆ. ನಾನು ಮಣೆ ಇಳಿಸುತ್ತಿದ್ದೆ. ಊರಲ್ಲಾದ್ರೆ ಆಟಿಯಲ್ಲಿ ಮಾತ್ರ ಆಡುವುದು. ಕಲ್ಯಾಣಕ್ಕೆ ಕರೆಂಟು ಹೋದಾಗಲೇ ಆಟಿ ಅಂತ ನಾನೇ ಕಾನೂನು ಮಾಡಿದೆ."

"ಅಜ್ಜಿಗೆ ಸೋಲ್ಲಿಕ್ಕೆ ಬರುವುದಿಲ್ಲ," ಎಂದಳು ದಿಶಾ, ಮೊದಲ ಸಲ ಸ್ವಲ್ಪ ನಗುತ್ತ.

"ಬೇಕಂತಲೇ ಸೋಲುವುದು ನನ್ನ ಜಾಯಮಾನ ಅಲ್ಲ ಮಗ. ಅದು ಮಗುವಿಗೂ ಅವಮಾನ, ಮಣೆಗೂ ಅವಮಾನ. ಆದ್ರೆ ಇವಳು ಸೋತು ಸೋತು ಅತ್ತು ಮಣೆಯನ್ನೇ ಎತ್ತಿ ಬಿಸಾಡುತ್ತಿದ್ದಳು. ಬೀಜ ಎಲ್ಲ ಕಪಾಟಿನ ಅಡಿಗೆ. ಎಂತ ಮಾಡುವುದು? ಮೊದಲು ಎರಡು ಕುಳಿ ಇವಳಿಗೆ ಅಂತ ಬಿಟ್ಟೆ. ಆಟ ಸತ್ತೇ ಹೋಯ್ತು, ಮುಗಿಯುವುದೇ ಇಲ್ಲ. ನಡುವಿನ ಕುಳಿ ಕೊಟ್ಟೆ, ಇವಳು ಅದರೊಳಗೇ ಅಡಗಿ ಕೂತಳು, ಬೇರೆ ಆಡ್ಲಿಕ್ಕೇ ಇಲ್ಲ. ಮತ್ತೆ ಯೋಚನೆ ಮಾಡಿ ಮೂಲೆಯದ್ದು ಒಂದು, ಅದರಲ್ಲಿ ಒಂದೇ ಬೀಜ ಅಂತ ಮಾಡಿದೆ. ಆಗ ನೋಡು! ಸೋತ್ರೂ ಏಳಬಹುದು, ಆದ್ರೆ ಎದ್ದು ಆಡಲೇಬೇಕು. ಒಂದು ದಿನ ಆ ಒಂದೇ ಬೀಜದಿಂದ ಇವಳು ನನ್ನನ್ನು ನಿಜವಾಗಿ ಸೋಲಿಸಿದಳು. ನಾನು ಸಂಜೆಯವರೆಗೆ ಮಾತಾಡಲಿಲ್ಲ."

ವಿಶಾಲ್ ನೆಲ ನೋಡುತ್ತಿದ್ದ. ಐರೋಲಿಯ ಆಫೀಸಿನಲ್ಲಿ ಅವರು ಮಾಡುವುದೂ ಇದನ್ನೇ. ಆಟವನ್ನು ಕೆಡಿಸಿ ನೋಡುವುದು, ಸರಿಮಾಡುವುದು, ಮತ್ತೆ ಕೆಡಿಸುವುದು. 'ಚೆನ್ನೆ ಮಾಸ್ಟರ್'ನಲ್ಲಿ ಅವನು ತಾನಾಗಿ ಸೇರಿಸಿದ ನಿಯಮಗಳು ಒಂದೂ ನಿಂತಿರಲಿಲ್ಲ, ಎಲ್ಲವನ್ನೂ ಕಿತ್ತು ಹಾಕಿದ್ದ. ನಿಂತದ್ದು ಈ ಒಂದು ಕುಳಿ. ಇದು ಮಣ್ಣಿನಲ್ಲಿ ತಾನಾಗಿ ಬೆಳೆದದ್ದೆಂದು ಕಿತ್ತು ತಂದಿದ್ದ. ಬೇಲಿಯ ಒಳಗೆ ಯಾರೋ ನೀರು ಹಾಕಿ ಬೆಳೆಸಿದ್ದೆಂದು ಈಗ ತಿಳಿಯಿತು.

"ಅಜ್ಜಿ, ಇದನ್ನು ಸ್ವಲ್ಪ ನೋಡಿ." ದಿಶಾ ತನ್ನ ಫೋನಿನಲ್ಲಿ 'ಚೆನ್ನೆ ಮಾಸ್ಟರ್' ತೆರೆದು ಕೊಟ್ಟಳು.

ಗುಲಾಬಿ ಅಜ್ಜಿ ಕನ್ನಡಕ ಏರಿಸಿಕೊಂಡರು. "ಹೋ, ಎಂಥ ಬಣ್ಣ! ಅರೇ, ನಮ್ಮ ಕುಳಿ ಇಲ್ಲಿಯೂ ಉಂಟಲ್ಲ! ಎಷ್ಟು ಜನ ಆಡ್ತಾರೆ ಇದನ್ನು?"

"ನಲವತ್ತು ಸಾವಿರ," ಎಂದ ವಿಶಾಲ್.

"ನಲವತ್ತು... ಅಷ್ಟು ಜನ ನನ್ನ ಕುಳಿಯಲ್ಲಿ ಆಡ್ತಾರಾ?" ಅಜ್ಜಿಯ ಮುಖ ಊರಗಲವಾಯಿತು. ಖುಷಿಯನ್ನು ಬಚ್ಚಿಡಲು ಅವರಿಗೆ ಬರುತ್ತಿರಲಿಲ್ಲ. "ಆಡ್ಲಿ, ಆಡ್ಲಿ. ಮಣೆ ಇರುವುದೇ ಆಡ್ಲಿಕ್ಕೆ." ಮತ್ತೆ ಫೋನನ್ನು ಹತ್ತಿರ ತಂದರು. "ಆದ್ರೆ ಇಲ್ಲಿ ಎಂತ ಬರೆದದ್ದು? ಸೇಫ್... ಇದಕ್ಕೆ ಹೆಸರು ಉಂಟಲ್ಲ. ಹೆಸರು ಯಾಕೆ ತೆಗೆದದ್ದು? ಮತ್ತೆ ನನ್ನ ಪುಳ್ಳಿಯೇ ಕದ್ದವಳು ಅಂತ ಜನ ಬರೀತಾರಂತಲ್ಲ, ಇದನ್ನು ಮಾಡಿದ ಪುಣ್ಯಾತ್ಮ ಯಾರು?"

ವಿಶಾಲ್ ತಲೆ ಎತ್ತಿದ.

"ನಾನೇ, ಅಜ್ಜಿ."

ಗುಲಾಬಿ ಅಜ್ಜಿ ಕನ್ನಡಕ ತೆಗೆದು ಅವನನ್ನು ನೋಡಿದರು. ಬಯ್ಯಲಿಲ್ಲ. ಬಸಳೆ ದಂಟಿನ ರಾಶಿಯನ್ನು ಅವನ ಕಡೆ ತಳ್ಳಿದರು. "ಇದನ್ನು ಬಿಡಿಸು. ಎಲೆ ಬೇರೆ, ದಂಟು ಬೇರೆ," ಎಂದರು. ವಿಶಾಲ್ ಬಿಡಿಸತೊಡಗಿದ. ದಿಶಾ ಎದುರು ಕುಳಿತಳು.

"ಹಳೇ ರೂಲು ಅಂತ ತಿಳ್ಕೊಂಡಿದ್ದೆ ದಿಶಾ. ದೇವರಾಣೆ."

"ನನ್ನ ಹತ್ರ ಆಟದ ಬಗ್ಗೆ ಅಷ್ಟೆಲ್ಲ ಕೇಳಿದ್ರಿ ವಿಶಾಲಣ್ಣ. ಇದೊಂದು ಕೇಳಲಿಲ್ಲ."

"ಕೇಳಿದ್ರೆ ಬೇಡ ಅಂತಿದ್ಯಾ?"

"ಕೊಡ್ತಿದ್ದೆ!" ಅವಳ ಕಣ್ಣು ತುಂಬಿತು. "ಹುಚ್ಚು ಖುಷಿಯಿಂದ ಕೊಡ್ತಿದ್ದೆ. ಒಟ್ಟಿಗೇ ಮಾಡ್ತಿದ್ದೆವೋ ಏನೋ. ಈಗ ನೋಡಿ, ನಮ್ಮದನ್ನೇ ನಮ್ಮದು ಅಂತ ಹೇಳ್ಲಿಕ್ಕೆ ನಾನು ನಿಮ್ಮ ಹತ್ರ ಚೀಟಿ ಕೇಳಬೇಕು."

ಬಸಳೆಯ ಲೋಳೆ ಅವನ ಬೆರಳಿಗೆಲ್ಲ ಅಂಟಿತ್ತು. ಅದೇ ಕೈಯಲ್ಲಿ ಫೋನು ತೆಗೆದು ಅಲ್ಲೇ, ಅವರಿಬ್ಬರ ಎದುರೇ, ಜಯಶೀಲರಿಗೆ ಹಚ್ಚಿದ.

"ಅಂಕಲ್, ಆಟಿ ದಿನಕ್ಕೆ ಮೇಜು ಒಂದೇ ಸಾಕು. ದಿಶಾಳಿಗೆ ಕೊಡಿ... ಇಲ್ಲ ಅಂಕಲ್, ಅವಳದ್ದು ಕಾಪಿ ಅಲ್ಲ. ನನ್ನದು ಕಾಪಿ... ಹೌದು, ತಮಾಷೆ ಅಲ್ಲ. ಶಾಲು ಯಾರಿಗೆ ಅಂತ ನೀವೇ ಯೋಚನೆ ಮಾಡಿ. ಸ್ವಲ್ಪ ಸಣ್ಣ ಸೈಜಿನದ್ದು ಬೇಕಾಗ್ತದೆ, ಅಜ್ಜಿ ಗಿಡ್ಡ ಇದ್ದಾರೆ."

"ಯಾರು ಗಿಡ್ಡ?" ಎಂದರು ಗುಲಾಬಿ ಅಜ್ಜಿ.

ಶುಕ್ರವಾರ ವಾಶಿಯಲ್ಲಿ ಕಂಪನಿಯವರು ಅವನ ಮಾತನ್ನು ಸಮಾಧಾನವಾಗಿಯೇ ಕೇಳಿದರು. ಕಾನೂನಿನ ತೊಡಕು ಏನೂ ಇಲ್ಲವಲ್ಲ, ಸುಮ್ಮನೆ ಯಾಕೆ ಎಂದರು. ಆ ಕುಳಿಯ ಹಕ್ಕು ಆ ಮನೆಯವರದ್ದು, ಅವರನ್ನೂ ಸೇರಿಸಿಕೊಂಡರೆ ಮಾತ್ರ ಸಹಿ ಎಂದ ವಿಶಾಲ್. ಹಕ್ಕೇ ಇಲ್ಲದ ವಸ್ತುವಿಗೆ ಯಾರನ್ನು ಸೇರಿಸಿಕೊಳ್ಳುವುದು ಎಂದು ಅವರು ನಕ್ಕರು. ಕುಳಿ ತೆಗೆದ ಆಟ ಅವರಿಗೆ ಬೇಕಿರಲಿಲ್ಲ. ವಿಶಾಲ್ ಸಹಿ ಹಾಕದೆ ಎದ್ದು ಬಂದು ಹಾರ್ಬರ್ ಲೈನಿನ ಗಾಡಿ ಹತ್ತಿದ. ದಾರಿಯುದ್ದಕ್ಕೂ ದುಃಖವಾಗುತ್ತಿತ್ತು, ಸುಳ್ಳೇಕೆ ಹೇಳಬೇಕು. ಮರುದಿನ ಅಪ್ಪ ಅಂಬರನಾಥದಿಂದ ಒಂದು ಕಟ್ಟು ಬಿಸಿ ಗೋಳಿಬಜೆ ತಂದು ಅವನ ಮೇಜಿನ ಮೇಲಿಟ್ಟು, "ಆ ಬೋರ್ಡಿನ ಕಥೆ ಬೇರೆ ಅಲ್ಲ. ಅದೇ ಇದು," ಎಂದಷ್ಟೇ ಹೇಳಿ ಮಲಗಲು ಹೋದರು.

ಆಟಿ ದಿನದ ಬೆಳಿಗ್ಗೆ 'ಚೆನ್ನೆ ಮಾಸ್ಟರ್' ತೆರೆದವರಿಗೆಲ್ಲ ಮೂಲೆಯ ಕುಳಿ ಉಳಿದ ಕುಳಿಗಳಂತೆಯೇ ಕಂಡಿತು. ಬೆರಳು ಒತ್ತಿದರೆ ಒಂದು ಬರಹ ಬರುತ್ತಿತ್ತು: 'ಇಲ್ಲಿ ಇದ್ದದ್ದು ಪುಳ್ಳಿ ಕುಳಿ. ಕಲ್ಯಾಣದ ಗುಲಾಬಿ ಅಜ್ಜಿ ತನ್ನ ಮೊಮ್ಮಗಳಿಗಾಗಿ ಮಾಡಿದ್ದು. ಆಡಬೇಕಾದರೆ ಅವರ ಮನೆಗೇ ಹೋಗಿ.' ಅದರ ಕೆಳಗೆ 'ಬಾ, ಚೆನ್ನೆ ಆಡುವ' ಆಟಕ್ಕೆ ದಾರಿ.

ಡೊಂಬಿವಲಿಯ ಸಭಾಂಗಣದಲ್ಲಿ ಆ ದಿನ ದಿಶಾಳ ಮೇಜಿನ ಸುತ್ತ ನಿಲ್ಲಲು ಜಾಗವಿರಲಿಲ್ಲ. ಪಕ್ಕದಲ್ಲೇ ಚಾಪೆಯ ಮೇಲೆ ನಿಜವಾದ ಮಣೆ. ಒಂದು ಕಡೆ ಹೊಸ ಶಾಲನ್ನು ತೆಗೆಯಲೊಪ್ಪದೆ ಬೆವರುತ್ತ ಕುಳಿತ ಗುಲಾಬಿ ಅಜ್ಜಿ, ಇನ್ನೊಂದು ಕಡೆ ಸೀರೆಯ ಸೆರಗು ಸಿಕ್ಕಿಸಿಕೊಂಡ ರತ್ನಾವತಿ. ಕಾರ್ಕಳದ ಮಾನ ಕಾಯಲು ಬಂದವರು ಹೀನಾಯವಾಗಿ ಸೋಲುತ್ತಿದ್ದರು. ಅವರ ಸಾಲಿನಲ್ಲಿ ಉಳಿದದ್ದು ಒಂದೇ ಒಂದು ಕೆಂಪು ಬೀಜ, ಅದೂ ಮೂಲೆಯಲ್ಲಿ.

ಅಜ್ಜಿಯ ಕೈ ಅದರ ಕಡೆ ಬಂತು. ರತ್ನಾವತಿ ಥಟ್ಟನೆ ಅಂಗೈಯಿಂದ ಕುಳಿಯನ್ನು ಮುಚ್ಚಿದರು.

"ಇದು ಪುಳ್ಳಿ ಕುಳಿ!"

"ನೀನು ಯಾರ ಪುಳ್ಳಿ ಮಾರಾಯ್ತಿ? ತಲೆಯಲ್ಲಿ ಅರ್ಧ ನರೆ ಉಂಟು."

"ಕೇಳಿ ತಗೊಳ್ಳುವುದು ಅಜ್ಜಿ," ಎಂದರು ರತ್ನಾವತಿ ಕೈ ತೆಗೆಯದೆ. "ಕೊಡ್ತೀರಾ?"

ವಿಶಾಲ್ ಅಮ್ಮನ ಹಿಂದೆ ನಿಂತಿದ್ದ, ದಿಶಾ ಅಜ್ಜಿಯ ಹಿಂದೆ. ಗುಲಾಬಿ ಅಜ್ಜಿ ಒಮ್ಮೆ ಅವನನ್ನು, ಒಮ್ಮೆ ಮಣೆಯನ್ನು ನೋಡಿದರು. ಆಮೇಲೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಶಾಲು ಸರಿಮಾಡಿಕೊಂಡರು.

"ಕೇಳಿದ ಮೇಲೆ ಕೊಡದೆ ಎಂತ ಮಾಡುವುದು? ತಗೋ. ಆದ್ರೆ ಗೆಲ್ಲಲಿಕ್ಕೆ ಬಿಡುವುದಿಲ್ಲ, ಮೊದಲೇ ಹೇಳ್ತೇನೆ."